ಕಡತದಿಂದ ಬೆಳಕಿನ ಹಲಗೆಗೆ

ಕನ್ನಡ ನಾಡಿನ ಮಕ್ಕಳು ಬಹುಕಾಲ ಮರಳಿನ ಮೇಲೆ ಅಕ್ಷರ ಕಲಿತರು. ಐಗಳ ಮಠವೆಂದೂ ಕೂಲಿಮಠವೆಂದೂ ಹೆಸರು ಪಡೆದಿದ್ದ ಹಿಂದಿನ ಊರ ಶಾಲೆಗಳಲ್ಲಿ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬಾಲಕನ ತೋರುಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸುತ್ತಿದ್ದರು. ತಪ್ಪಿದರೆ ಅಂಗೈಯಿಂದ ಒರಸಿ ಮತ್ತೆ ಬರೆಯುವುದು. ಕೈ ಪಳಗುವವರೆಗೂ ಒರಸುವುದು, ಬರೆಯುವುದು. ಅಂಗಡಿಯ ಲೆಕ್ಕಕ್ಕೂ ಮಠಮಾನ್ಯಗಳ ವ್ಯವಹಾರಕ್ಕೂ ಕಡತವೆಂಬುದೊಂದಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಅದನ್ನು ಪುಸ್ತಕದಂತೆ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಬರೆದುದನ್ನು ಅಳಿಸಬಹುದಾಗಿತ್ತು, ಇಟ್ಟುಕೊಳ್ಳಬೇಕೆಂದರೆ ಶತಮಾನಗಳ ಕಾಲ ಉಳಿಯಲೂ ಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಕರಗಳಾಗಿವೆ. ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಇಂದಿಗೂ ಕಡತವೆಂಬ ಹೆಸರೇ ನಿಂತಿದೆ.

ಮರಳಿನ ಈ ಪಾಠ ಕಡಲನ್ನೂ ದಾಟಿತು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆಗೆ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದುಕೊಂಡನು. 1797ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಇಂಗ್ಲೆಂಡಿನ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಯಿತು. ಮುಂದೆ ಸ್ಲೇಟು ಬಂದಿತು, ಕರಿಹಲಗೆ ಬಂದಿತು. ಕರಿಹಲಗೆಯೂ ಇಲ್ಲದ ಪ್ರಾಥಮಿಕ ಶಾಲೆಗಳು ದೇಶದಲ್ಲಿ ಎಷ್ಟೋ ಇದ್ದುವಾದ್ದರಿಂದ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ‘ಆಪರೇಷನ್ ಬ್ಲ್ಯಾಕ್ ಬೋರ್ಡ್’ ಎಂಬ ಯೋಜನೆಯನ್ನೇ ಕೇಂದ್ರ ಸರ್ಕಾರ ಹೂಡಬೇಕಾಯಿತು. ಆ ಯೋಜನೆ ಹಳ್ಳಿಗಳನ್ನು ಮುಟ್ಟುತ್ತಿದ್ದ ದಿನಗಳಲ್ಲಿಯೇ, 1991ರಲ್ಲಿ, ಕೆನಡಾದ ಸ್ಮಾರ್ಟ್ ಟೆಕ್ನಾಲಜೀಸ್ ಸಂಸ್ಥೆ ಬೆರಳಿನ ಸ್ಪರ್ಶಕ್ಕೆ ಓಗೊಡುವ ಬಿಳಿಯ ಹಲಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಆ ಸಂಸ್ಥೆಯ ಹೆಸರೇ ವಸ್ತುವಿನ ಹೆಸರಾಗಿ, ಯಾರು ತಯಾರಿಸಿದ್ದಾದರೂ ಜನರ ಬಾಯಲ್ಲಿ ಅದು ‘ಸ್ಮಾರ್ಟ್ ಬೋರ್ಡ್’ ಆಯಿತು. ಮರಳಿನಲ್ಲಿ ಆಡಿದ ಬೆರಳು ಎರಡು ಶತಮಾನಗಳ ಸುತ್ತನ್ನು ಮುಗಿಸಿ ಬೆಳಕಿನ ಮೇಲೆ ಆಡತೊಡಗಿತು.

ಇಂಥದೊಂದು ಹಲಗೆ 2013ರ ಜೂನ್ ತಿಂಗಳಲ್ಲಿ ಹಲಸೂರು ಭಾಗದ ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಗೆ ಬಂದಿತು. ಅದರೊಡನೆ ಆ ಶಾಲೆಯ ಹಿರಿಯ ಗಣಿತೋಪಾಧ್ಯಾಯರು ನಡೆಸಿದ ಒಡನಾಟ, ಜಗಳ ಮತ್ತು ರಾಜಿಗಳ ಕಥೆ ಸಣ್ಣದು. ಆದರೆ ಶಾಲೆಗೆ ಕೊಡುವವರೂ ಶಾಲೆಯಲ್ಲಿ ಕಲಿಸುವವರೂ ಕೇಳತಕ್ಕ ಮಾತು ಅದರಲ್ಲಿದೆ.

ಬೆಂಗಳೂರಿನ ಪೂರ್ವಭಾಗದ ಶಾಲೆಗಳ ತರಗತಿಯೆಂದರೆ ಒಂದು ಪುಟ್ಟ ಸಂತೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ಅದರ ಹಿಂದೆಯೇ ತಮಿಳು, ತೆಲುಗು, ಉರ್ದು ಮಾತನಾಡುವ ಕುಟುಂಬಗಳು ಬಂದು ನಿಂತುವು. ಪೇಟೆಯ ಬೆಂಗಳೂರೂ ದಂಡಿನ ಬೆಂಗಳೂರೂ ಒಂದೇ ನಗರಪಾಲಿಕೆಯಾದುದು 1949ರಲ್ಲಿ. ಅಷ್ಟರಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ತಲೆಯೆತ್ತಿ, ನಾಡಿನ ಎಲ್ಲೆಡೆಯ ಕೆಲಸಗಾರರನ್ನು ಈ ಕಡೆಗೆ ಸೆಳೆದಿದ್ದುವು. ಈಚೆಗೆ ಇಂದಿರಾನಗರದ ಸುತ್ತ ಏಳುವ ಬಹುಮಹಡಿ ಕಟ್ಟಡಗಳ ಕೆಲಸಕ್ಕೆ ರಾಯಚೂರು, ಕಲಬುರಗಿ, ಯಾದಗಿರಿಗಳಿಂದ ಬಂದವರ ಮಕ್ಕಳೂ ಸೇರಿಕೊಂಡಿದ್ದಾರೆ. ಆ ಶಾಲೆಯ ಒಂಬತ್ತನೆಯ ತರಗತಿಯ ಹಾಜರಿಯನ್ನು ಕೂಗಿದರೆ ಸಾಕು, ಕನ್ನಡವನ್ನೇ ನಾಲ್ಕಾರು ಧಾಟಿಯಲ್ಲಿ ಕೇಳಬಹುದಾಗಿತ್ತು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು. ತಿಳಿದಿದ್ದರೂ ಹೇಳಲು ಮಾತು ಕೂಡಿಬರದೆ ಸುಮ್ಮನಿದ್ದುಬಿಡುವ ಮಕ್ಕಳೇ ಅಲ್ಲಿ ಹೆಚ್ಚು.

ಮೇಷ್ಟ್ರು ಆ ಭಾಗದವರೇ. ಅವರ ತಂದೆ ದೂರವಾಣಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮಗನಿಗೆ ಕಾರ್ಖಾನೆಯ ಕೆಲಸ ಹಿಡಿಸಲಿಲ್ಲ, ಸೀಮೆಸುಣ್ಣ ಹಿಡಿಸಿತು. ಮೂವತ್ತು ವರ್ಷಗಳ ಸೇವೆಯಲ್ಲಿ ಅವರ ಕರಿಹಲಗೆಯ ಕೆಲಸ ಶಾಲೆಯಲ್ಲಿ ಒಂದು ಮಾತಾಗಿತ್ತು. ಕೈವಾರವಿಲ್ಲದೆ ಅವರು ಎಳೆದ ವೃತ್ತಕ್ಕೆ ಕೈವಾರವಿಟ್ಟು ನೋಡಿ ಸೋತ ಹುಡುಗರು ಈಗ ಅಲ್ಲಲ್ಲಿ ಇಂಜಿನಿಯರುಗಳಾಗಿದ್ದಾರೆ. ಹಲಗೆಯ ಎಡಕ್ಕೆ ದತ್ತ, ಅದರ ಕೆಳಗೆ ಸಾಧನೀಯ, ನಡುವೆ ರಚನೆ, ಬಲಕ್ಕೆ ಸಾಧನೆ. ಪಾಠ ಮುಗಿಯುವ ಹೊತ್ತಿಗೆ ಹಲಗೆಯೂ ಮೂಲೆಯಿಂದ ಮೂಲೆಗೆ ತುಂಬಿ ಮುಗಿದಿರುತ್ತಿತ್ತು. ಮುಂದಿನ ಅವಧಿಯ ಉಪಾಧ್ಯಾಯರು ಅದನ್ನು ಒರಸಲು ಒಂದು ಕ್ಷಣ ಹಿಂಜರಿಯುತ್ತಿದ್ದರಂತೆ.

ಹೊಸ ಹಲಗೆಯನ್ನು ಕೊಡಿಸಿದವರು ಹಳೆಯ ವಿದ್ಯಾರ್ಥಿಗಳು. ಉದ್ದೇಶ ನಿರ್ಮಲವಾದುದು, ತಾವು ಬೆಳೆದ ಶಾಲೆಯ ಮಕ್ಕಳು ನೂರಡಿ ರಸ್ತೆಯ ಆಚೆಯ ದುಬಾರಿ ಶಾಲೆಗಳ ಮಕ್ಕಳಿಗಿಂತ ಹಿಂದೆ ಬೀಳಬಾರದೆಂಬ ಕಳಕಳಿ. ಶ್ರೀಗಳವರ ಅಮೃತಹಸ್ತದಿಂದ ಉದ್ಘಾಟನೆಯಾಯಿತು. ಹಲಗೆಯ ಮೇಲೆ ಸೌರಮಂಡಲ ತಿರುಗಿತು, ಹೃದಯ ಬಡಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಅದರ ಗೋಡೆಯ ಮೇಲೆ ಅದುವರೆಗೆ ಇದ್ದ ಕರಿಹಲಗೆಯನ್ನು ತೆಗೆದು ವರಾಂಡದಲ್ಲಿ ಒರಗಿಸಿದ್ದರು. ಅದನ್ನು ತೆಗೆಯುವ ಮುನ್ನ ಯಾರೂ ಮೇಷ್ಟ್ರನ್ನು ಕೇಳಿರಲಿಲ್ಲ. ಅವರೂ ಏನನ್ನೂ ಹೇಳಲಿಲ್ಲ.

ಮರುವಾರ ಒಂಬತ್ತನೆಯ ತರಗತಿಗೆ ಆ ಕೊಠಡಿಯಲ್ಲಿ ಪಾಠ. ಮೇಷ್ಟ್ರು ಲೇಖನಿಯಂಥ ಕಡ್ಡಿಯನ್ನು ಹಿಡಿದು ಒಂದು ಸರಳರೇಖೆ ಎಳೆದರು. ರೇಖೆ ಅವರು ಎಳೆದಲ್ಲಿ ಮೂಡಲಿಲ್ಲ. ಒಂದು ಗೇಣು ಆಚೆಗೆ ಮೂಡಿತು. ಮತ್ತೆ ಎಳೆದರು, ಮತ್ತೆ ಆಚೆಗೇ. ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ಸಾರ್, ಅಲ್ಲಿ ಮುಟ್ಟಿದ್ರೆ ಇಲ್ಲಿ ಬರ್ತಿದೆ” ಎಂದನು. ತರಗತಿ ನಕ್ಕಿತು. ಮೂವತ್ತು ವರ್ಷಗಳಲ್ಲಿ ಆ ಕೈ ಎಳೆದ ಗೆರೆಗೆ ಮಕ್ಕಳು ನಕ್ಕದ್ದು ಅದೇ ಮೊದಲು. ಮೇಷ್ಟ್ರು ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಮಕ್ಕಳನ್ನು ಎಬ್ಬಿಸಿಕೊಂಡು ಪಕ್ಕದ ಕೊಠಡಿಗೆ ಹೋಗಿ, ಅಲ್ಲಿದ್ದ ಹಳೆಯ ಹಲಗೆಯ ಮೇಲೆ ಅದೇ ರೇಖೆಯನ್ನು ಎಳೆದರು. ನಿವೃತ್ತಿಗೆ ಇನ್ನು ಮೂರು ವರ್ಷ. ಅಷ್ಟು ದಿನ ಈ ಯಂತ್ರದ ಕಡೆ ಸುಳಿಯದಿದ್ದರಾಯಿತು ಎಂದು ನಿಶ್ಚಯಿಸಿದರು. ಹೊಸ ಹಲಗೆಯ ಮೇಲೆ ಒಂದು ಬಟ್ಟೆ ಬಿದ್ದಿತು. ಅತಿಥಿಗಳು ಬಂದಾಗ ಅದನ್ನು ತೆಗೆಯುತ್ತಿದ್ದರು.

ಅಂದು ನಡೆದ ತಪ್ಪು ಬಹಳ ಸಣ್ಣದು. ಇಂಥ ಹಲಗೆಯ ಮೇಲೆ ಚಿತ್ರವನ್ನು ಚೆಲ್ಲುವುದು ಪ್ರೊಜೆಕ್ಟರ್. ಬೆರಳು ಎಲ್ಲಿದೆಯೆಂದು ಅರಿಯುವುದು ಹಲಗೆ. ಇವೆರಡೂ ಬೇರೆ ಬೇರೆ. ಪ್ರೊಜೆಕ್ಟರ್ ಒಂದು ಅಂಗುಲ ಅಲುಗಿದರೂ, ಫ್ಯಾನಿನ ಕಂಪನಕ್ಕೆ ಸ್ವಲ್ಪ ಓರೆಯಾದರೂ, ಕಣ್ಣಿಗೆ ಕಾಣುವ ಜಾಗವೂ ಹಲಗೆ ತಿಳಿದ ಜಾಗವೂ ಹೊಂದುವುದಿಲ್ಲ. ಅದಕ್ಕೆ ಹೊಂದಿಸುವಿಕೆ ಬೇಕು: ಹಲಗೆಯ ಮೇಲೆ ಒಂದಾದ ಮೇಲೊಂದು ಕೂಡುವ ಚಿಹ್ನೆಗಳು ಮೂಡುತ್ತವೆ, ಪ್ರತಿಯೊಂದರ ನಡುವನ್ನು ನಿಧಾನವಾಗಿ ಮುಟ್ಟುತ್ತ ಹೋದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಈ ಎರಡು ನಿಮಿಷದ ವಿಷಯವನ್ನು ಹೇಳಿಕೊಡುವವರಿಲ್ಲದೆ ಬೆಲೆಬಾಳುವ ವಸ್ತು ನಾಲ್ಕು ತಿಂಗಳು ಬಟ್ಟೆಯ ಕೆಳಗೆ ಮಲಗಿತು. ಕೊಡಿಸಿದವರು ಹಲಗೆಯನ್ನು ಕೊಡಿಸಿದ್ದರು. ಕಲಿಯುವ ವೇಳೆಯನ್ನು ಯಾರೂ ಕೊಡಿಸಿರಲಿಲ್ಲ.

ಬಟ್ಟೆ ಸರಿದದ್ದು ಆಯುಧಪೂಜೆಯ ದೆಸೆಯಿಂದ. ಶಾಲೆಯ ಜವಾನ ಭಕ್ತಿಯುಳ್ಳವನು. ಪ್ರಯೋಗಶಾಲೆಯ ತಕ್ಕಡಿ, ಕಚೇರಿಯ ಕಂಪ್ಯೂಟರು, ಶಾಲೆಯ ಗಂಟೆ ಇವುಗಳಿಗೆಲ್ಲ ವಿಭೂತಿಯಿಟ್ಟು ಹೂ ಮುಡಿಸಿದಂತೆಯೇ ಬಿಳಿಯ ಹಲಗೆಯ ಚೌಕಟ್ಟಿಗೂ ವಿಭೂತಿ ಹಚ್ಚಿ, ಸೇವಂತಿಗೆಯ ಮಾಲೆ ಇಳಿಬಿಟ್ಟನು. ರಜೆ ಮುಗಿದ ಮೇಲೆ ವಿಜ್ಞಾನದ ಕಿರಿಯ ಉಪಾಧ್ಯಾಯಿನಿ ಪಾಠಕ್ಕೆಂದು ಅದನ್ನು ತೆರೆದರೆ, ಹಲಗೆಗೆ ಮೈಮೇಲೆ ಬಂದಂತಾಗಿತ್ತು. ಯಾರೂ ಮುಟ್ಟದೆಯೇ ಪುಟಗಳು ತಿರುಗುತ್ತಿದ್ದುವು; ಗೆರೆಗಳು ತಾವಾಗಿ ಎಳೆದುಕೊಳ್ಳುತ್ತಿದ್ದುವು. ಮಾಲೆಯನ್ನು ತೆಗೆದರೂ ನಿಲ್ಲಲಿಲ್ಲ. ರಿಪೇರಿಯವರನ್ನು ಕರೆಯಲು ಹಣವಿರಲಿಲ್ಲ. ಆಕೆ ಬಾಗಿಲಲ್ಲಿ ಹಾದುಹೋಗುತ್ತಿದ್ದ ಮೇಷ್ಟ್ರನ್ನು ಕಂಡು, “ಸಾರ್, ಸ್ವಲ್ಪ ನೋಡ್ತೀರಾ?” ಎಂದರು.

ಫಿಟ್ಟರ್ ಆಗಿದ್ದ ತಂದೆ ಮನೆಯಲ್ಲಿ ಆಗಾಗ ಹೇಳುತ್ತಿದ್ದ ಮಾತೊಂದು ಮೇಷ್ಟ್ರಿಗೆ ಆ ಹೊತ್ತಿನಲ್ಲಿ ನೆನಪಾಯಿತು: ಕೆಟ್ಟ ಯಂತ್ರವನ್ನು ಬೈಯಬೇಡ, ಅದು ಏನನ್ನು ನೋಡುತ್ತಿದೆ ಎಂದು ಕೇಳು. ಅವರು ಕನ್ನಡಕ ಏರಿಸಿಕೊಂಡು ಚೌಕಟ್ಟನ್ನು ಅಂಚಿನುದ್ದಕ್ಕೂ ನೋಡಿದರು. ಒಳ ಅಂಚಿನಲ್ಲಿ ಸಾಲಾಗಿ ಕಪ್ಪು ಕಿಂಡಿಗಳು. ಉಪಾಧ್ಯಾಯಿನಿ ವಿವರಿಸಿದರು: ಒಂದು ಅಂಚಿನಿಂದ ಎದುರು ಅಂಚಿಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಹಾಯುತ್ತವೆ, ಅಡ್ಡಕ್ಕೂ ಉದ್ದಕ್ಕೂ ಹೆಣೆದ ಬಲೆಯಂತೆ. ಬೆರಳು ಎಲ್ಲಿ ಆ ಬಲೆಯನ್ನು ತಡೆಯುತ್ತದೆಯೋ ಅದೇ ಸ್ಪರ್ಶದ ಸ್ಥಾನ. ಮೇಷ್ಟ್ರು ನಕ್ಕುಬಿಟ್ಟರು. “ಇದು ಗ್ರಾಫ್ ಹಾಳೆ ಅಲ್ಲವೇನಮ್ಮ! ಎಕ್ಸ್ ಇಷ್ಟು, ವೈ ಇಷ್ಟು.” ಕೆಳ ಅಂಚಿನ ಕಿಂಡಿಯೊಂದರ ಮೇಲೆ ವಿಭೂತಿ ಉದುರಿ ಕೂತಿತ್ತು, ಇನ್ನೊಂದರ ಸಂದಿಯಲ್ಲಿ ಸೇವಂತಿಗೆಯ ಒಂದು ಎಸಳು. ಹಲಗೆ ಅದನ್ನೇ ಬೆರಳೆಂದು ತಿಳಿದಿತ್ತು. ಒಣಬಟ್ಟೆಯಿಂದ ಒರಸಿ ಎಸಳನ್ನು ತೆಗೆದ ಕೂಡಲೇ ಹಲಗೆ ಶಾಂತವಾಯಿತು. ಅದರ ಒಡಲು ನಿರ್ದೇಶಾಂಕಗಳ ಗಣಿತವೇ ಎಂದು ತಿಳಿದ ಮೇಲೆ ಮೇಷ್ಟ್ರಿಗೆ ಆ ವಸ್ತುವಿನ ಮೇಲಿನ ಭಯ ಅರ್ಧ ಇಳಿಯಿತು.

“ದಿನಾ ಸಂಜೆ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಇರ್ತೀರಾ ಸಾರ್? ನಾನು ತೋರಿಸ್ತೀನಿ” ಎಂದು ಆಕೆ ಕೇಳಿದರು.

“ಇರ್ತೀನಮ್ಮ. ಆದರೆ ನೀವು ತೋರಿಸಬೇಡಿ. ಹಲಗೆ ನಾನು ಮುಟ್ತೀನಿ, ತಪ್ಪಿದಾಗ ಹೇಳಿ” ಎಂದರು ಮೇಷ್ಟ್ರು.

ಆ ಷರತ್ತಿನಲ್ಲಿಯೇ ಇಡೀ ಕಲಿಕೆಯ ಮರ್ಮವಿತ್ತೆಂದು ಮುಂದೆ ಗೊತ್ತಾಯಿತು. ಮೊದಲ ವಾರ ಅವರು ಮಾಡಿದ್ದು ಇಷ್ಟೇ: ಹಲಗೆಯನ್ನು ಹೊಂದಿಸುವುದು, ಬರೆಯುವುದು, ಅಳಿಸುವುದು, ಪುಟವನ್ನು ಉಳಿಸುವುದು. ಚಲನಚಿತ್ರಗಳ ಕಡೆಗೆ ಹೋಗಲಿಲ್ಲ. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ನಿಂತರೆ ಬರೆಯುವ ಜಾಗದ ಮೇಲೆಯೇ ತಮ್ಮ ನೆರಳು ಬೀಳುತ್ತದೆ. ಆದ್ದರಿಂದ ಪಕ್ಕಕ್ಕೆ ನಿಂತು ತೋಳು ಚಾಚಿ ಬರೆಯುವುದನ್ನು ರೂಢಿಸಿಕೊಂಡರು. ತೋಳಿನ ಅಂಚು ಹಲಗೆಗೆ ತಗುಲಿದರೆ ಅದೂ ಗೆರೆಯಾಗುತ್ತದೆ. ತುಂಬುತೋಳಿನ ಅಂಗಿಯ ತೋಳನ್ನು ಮಡಿಸುವುದನ್ನು ಕಲಿತರು. ಒಮ್ಮೆ ಯಾರೋ ಅಳಿಸದ ಶಾಯಿಯ ಮಾರ್ಕರಿನಿಂದ ಅದರ ಮೇಲೆ ದಿನಾಂಕ ಬರೆದಿಟ್ಟಿದ್ದರು. ಸ್ಪಿರಿಟ್ ಹಾಕಿ ಒರಸುವುದರಲ್ಲಿ ಒಂದು ಸಂಜೆ ಕಳೆಯಿತು. ಬೇರೆ ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ಅಕ್ಷರಜೋಡಣೆಯಲ್ಲಿ ಸಿದ್ಧಪಡಿಸಿ ತಂದ ಪಾಠ ಇಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಂಡಿತು. ಯೂನಿಕೋಡಿನಲ್ಲಿ ಬರೆದರೆ ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆಂದು ಆಗ ತಿಳಿಯಿತು. ವಿದ್ಯುತ್ತು ಹಠಾತ್ತನೆ ಹೋದರೆ ಕಾದಿರುವ ದೀಪ ತಣಿಯಲು ಅವಕಾಶವಿಲ್ಲದೆ ಅದರ ಆಯುಷ್ಯ ಕುಂದುತ್ತದೆ. ಆದ್ದರಿಂದ ಪ್ರೊಜೆಕ್ಟರನ್ನು ಯು.ಪಿ.ಎಸ್.ಗೆ ಜೋಡಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ವರಾಂಡದಲ್ಲಿ ಒರಗಿಸಿದ್ದ ಕರಿಹಲಗೆಯನ್ನು ಜವಾನನ ಸಹಾಯದಿಂದ ಹೊತ್ತು ತರಿಸಿ, ಬಿಳಿಯ ಹಲಗೆಯ ಪಕ್ಕದ ಗೋಡೆಗೆ ಮತ್ತೆ ಏರಿಸಿದರು.

ಡಿಸೆಂಬರ್ ಹೊತ್ತಿಗೆ ಮೇಷ್ಟ್ರು ಒಂಬತ್ತನೆಯ ತರಗತಿಯನ್ನು ಆ ಕೊಠಡಿಗೆ ಮತ್ತೆ ಕರೆತಂದರು. ಅಂದಿನ ಪಾಠ ತ್ರಿಭುಜದ ಒಳಕೋನಗಳ ಮೊತ್ತ. ಅದಕ್ಕೆ ಅವರು ಜಿಯೋಜೀಬ್ರಾ ಎಂಬ ತಂತ್ರಾಂಶವನ್ನು ಆರಿಸಿದ್ದರು. ಆಸ್ಟ್ರಿಯಾದ ಮಾರ್ಕುಸ್ ಹೋಹನ್‌ವಾರ್ಟರ್ ಎಂಬ ಗಣಿತಜ್ಞರು 2001ರಲ್ಲಿ ವಿದ್ಯಾರ್ಥಿದಶೆಯಲ್ಲಿಯೇ ಆರಂಭಿಸಿದ ಇದನ್ನು ಶಾಲೆಗಳು ಹಣ ಕೊಡದೆ ಬಳಸಬಹುದು. ಹಲಗೆಯ ಮೇಲೆ ಒಂದು ತ್ರಿಭುಜ. ಅದರ ಶೃಂಗವನ್ನು ಬೆರಳಿನಿಂದ ಹಿಡಿದು ಎಳೆದರೆ ತ್ರಿಭುಜವೇ ಹಿಗ್ಗುತ್ತದೆ, ಓರೆಯಾಗುತ್ತದೆ. ಮೂರು ಮೂಲೆಗಳಲ್ಲಿ ಬರೆದ ಕೋನಗಳ ಅಳತೆ ಒಡನೊಡನೆ ಬದಲಾಗುತ್ತದೆ. ಮಕ್ಕಳಿಗೆ ತೊಡಕಾಗದಿರಲೆಂದು ಮೇಷ್ಟ್ರು ದಶಮಾಂಶಗಳನ್ನು ತೆಗೆದು ಪೂರ್ಣಾಂಕಗಳು ಮಾತ್ರ ಕಾಣುವಂತೆ ಹೊಂದಿಸಿದ್ದರು. ಅವರು ಶೃಂಗವನ್ನು ಎಳೆಯುವುದು, ಮಕ್ಕಳು ಮೂರು ಸಂಖ್ಯೆಗಳನ್ನು ಬರೆದುಕೊಂಡು ಕೂಡುವುದು. 180. ಮತ್ತೆ ಎಳೆದರು. 180. ತರಗತಿ ಹುರುಪಿನಿಂದ ಒಕ್ಕೊರಲಾಗಿ ಉತ್ತರ ಕೂಗುತ್ತಿತ್ತು.

ಮೂರನೆಯ ಬಾರಿ ಹಲಗೆಯ ಮೇಲೆ 46, 61, 74 ಎಂದು ಮೂಡಿತು. ತರಗತಿ ರೂಢಿಯಂತೆ “ನೂರ ಎಂಬತ್ತು!” ಎಂದು ಕೂಗಿತು. ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಮಾತ್ರ ತಲೆಯೆತ್ತಿ ಹಲಗೆಯನ್ನೇ ನೋಡುತ್ತಿದ್ದಳು. ಹಲಸೂರು ಬಜಾರಿನಲ್ಲಿ ಹೂ ಕಟ್ಟಿ ಮಾರುವವರ ಮಗಳು, ಮನೆಮಾತು ತಮಿಳು, ಜೂನ್ ತಿಂಗಳಿಂದ ಆ ತರಗತಿಯಲ್ಲಿ ತಾನಾಗಿ ಒಂದು ಮಾತನ್ನೂ ಆಡಿದವಳಲ್ಲ. ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು ಮೊಳದ ಲೆಕ್ಕ ಹೇಳಿ ರೂಢಿಯಿದ್ದ ಅವಳಿಗೆ ಕೂಡುವ ಲೆಕ್ಕದಲ್ಲಿ ಮಾತ್ರ ಯಾರ ಕೂಗನ್ನೂ ನಂಬುವ ಅಗತ್ಯವಿರಲಿಲ್ಲ. ಎದ್ದುನಿಂತು, “ಸಾರ್, ನೂರ ಎಂಬತ್ತೊಂದು ಬರ್ತಿದೆ” ಎಂದಳು.

ಮಕ್ಕಳು ನಕ್ಕರು. ಮೇಷ್ಟ್ರು ನಗಲಿಲ್ಲ. ಜೂನ್ ತಿಂಗಳಲ್ಲಿ ಅದೇ ಕೊಠಡಿಯಲ್ಲಿ ಆ ನಗುವನ್ನು ಅವರು ಕೇಳಿದ್ದರು. “ಎಲ್ಲರೂ ಕೂಡಿ” ಎಂದರು. ಕೂಡಿದರು. 181. ನಗು ನಿಂತು ಕೊಠಡಿಯಲ್ಲಿ ಗುಜುಗುಜು ಎದ್ದಿತು. ಬೋರ್ಡು ಕೆಟ್ಟಿದೆ ಎಂದ ಒಬ್ಬ. ಪುಸ್ತಕ ತಪ್ಪಾಗಿದೆ ಎಂದ ಇನ್ನೊಬ್ಬ. ಮೇಷ್ಟ್ರಿಗೆ ಕಾರಣ ಹೊಳೆದಿತ್ತು; ಆದರೆ ಹೇಳಲು ಅವಸರಪಡಲಿಲ್ಲ. ಹುಡುಗಿಯನ್ನು ಹಲಗೆಯ ಬಳಿಗೆ ಕರೆದು, ಒಂದು ದಶಮಾಂಶ ಸ್ಥಾನ ಕಾಣುವಂತೆ ಅವಳ ಕೈಯಿಂದಲೇ ಮಾಡಿಸಿದರು. 45.6, 60.6, 73.8 ಎಂದು ಮೂಡಿತು. ಅವಳು ಮನಸ್ಸಿನಲ್ಲಿಯೇ ಕೂಡಿ, “ಈಗ ಸರಿ, ನೂರ ಎಂಬತ್ತು” ಎಂದಳು. ಮೂರು ಸಂಖ್ಯೆಗಳನ್ನೂ ಮೇಲಕ್ಕೆ ಸರಿಪಡಿಸಿ ತೋರಿಸಿದ್ದರಿಂದ ಒಂದು ಡಿಗ್ರಿ ಹೆಚ್ಚಿಗೆ ಬಂದಿತ್ತು.

“ಇನ್ನೂ ಒಂದು ಸ್ಥಾನ ಹೆಚ್ಚು ನೋಡಿದ್ರೆ ಸಾರ್? ಅಲ್ಲೂ ಇದೇ ತರಹ ಆಗಬಹುದಲ್ಲವಾ?” ಎಂದು ಹಿಂದಿನಿಂದ ಬಂದಿತು ಪ್ರಶ್ನೆ. ಅಲ್ಲಿ ಮಾತ್ರ ಅಲ್ಲ, ಎಷ್ಟು ಸ್ಥಾನ ನೋಡಿದರೂ ಕೊನೆಯ ಸ್ಥಾನದಲ್ಲಿ ಆ ಸಂದೇಹ ಉಳಿದೇ ಇರುತ್ತದೆ. ಅಳೆದು ಮುಗಿಯುವುದಿಲ್ಲ. ಒಂದು ಸಾವಿರ ತ್ರಿಭುಜಗಳನ್ನು ಅಳೆದರೂ ಸಾವಿರದ ಒಂದನೆಯದು ಹೇಗಿದೆಯೆಂದು ಅಳತೆ ಹೇಳಲಾರದು. ಮೂವತ್ತು ವರ್ಷ ಆ ಪ್ರಮೇಯವನ್ನು ಕಲಿಸಿದ್ದರೂ ಅದಕ್ಕೆ ಸಾಧನೆ ಏಕೆ ಬೇಕೆಂದು ಯಾವ ಮಗುವೂ ಅವರನ್ನು ಕೇಳಿರಲಿಲ್ಲ. ಪರೀಕ್ಷೆಗೆ ಬೇಕು, ಆದ್ದರಿಂದ ಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅಂದು ಬೆಳಕಿನ ಹಲಗೆಯ ಒಂದು ಡಿಗ್ರಿಯ ವ್ಯತ್ಯಾಸ ಆ ಪ್ರಶ್ನೆಯನ್ನು ತಂದು ಮುಂದಿಟ್ಟಿತು.

ಮೇಷ್ಟ್ರು ಎರಡು ಹೆಜ್ಜೆ ಸರಿದು ಕರಿಹಲಗೆಗೆ ಬಂದರು. ಸೀಮೆಸುಣ್ಣದಿಂದ ಒಂದು ತ್ರಿಭುಜ ಎಳೆದು, ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆದರು. ಪಾದದ ಎಡಕೋನಕ್ಕೆ ಸಮನಾದ ಪರ್ಯಾಯ ಕೋನ ಮೇಲೆ ಎಡಕ್ಕೆ. ಬಲಕೋನಕ್ಕೆ ಸಮನಾದುದು ಮೇಲೆ ಬಲಕ್ಕೆ. ನಡುವೆ ಶೃಂಗದ ಕೋನ. ಮೂರೂ ಸೇರಿ ಒಂದು ಸರಳರೇಖೆಯ ಮೇಲೆ ಕುಳಿತುವು. “ಇಲ್ಲಿ ಎಷ್ಟು ದಶಮಾಂಶ?” ಎಂದು ಕೇಳಿದರು. ಸ್ವಲ್ಪ ಹೊತ್ತು ಮೌನ. “ಇಲ್ಲಿ ಅಳತೆಯೇ ಇಲ್ಲ ಸಾರ್” ಎಂದಳು ಅದೇ ಹುಡುಗಿ. ಯೂಕ್ಲಿಡನ ಮೊದಲನೆಯ ಪುಸ್ತಕದ ಮೂವತ್ತೆರಡನೆಯ ಪ್ರಮೇಯ ಆ ಕ್ಷಣದಲ್ಲಿ ಹಲಸೂರಿನ ತರಗತಿಯೊಂದರ ಸ್ವಂತ ಆಸ್ತಿಯಾಯಿತು.

ಅನಂತರ ಅವಳು ಬಿಳಿಯ ಹಲಗೆಗೆ ಹಿಂದಿರುಗಿ, ಶೃಂಗವನ್ನು ಹಿಡಿದು ಕೆಳಕ್ಕೆ, ಪಾದದ ಕಡೆಗೆ ಎಳೆಯುತ್ತ ಹೋದಳು. ಮೇಲಿನ ಕೋನ ಹಿಗ್ಗುತ್ತ 150, 170, 178 ಆಯಿತು. ಕೆಳಗಿನ ಎರಡೂ ಕುಗ್ಗುತ್ತ ಸೊನ್ನೆಯ ಹತ್ತಿರ ಬಂದುವು. “ತ್ರಿಭುಜ ಮಲಗಿಬಿಡ್ತು ಸಾರ್, ಗೆರೆ ಆಗೋಯ್ತು” ಎಂದಳು. ಸರಳಕೋನ 180 ಡಿಗ್ರಿ ಎಂಬುದಕ್ಕೂ ತ್ರಿಭುಜದ ಮೊತ್ತ 180 ಎಂಬುದಕ್ಕೂ ಇರುವ ನಂಟನ್ನು ಅವಳ ಬೆರಳು ತೋರಿಸಿತ್ತು. ಇದನ್ನು ಕರಿಹಲಗೆಯ ಮೇಲೆ ತೋರಿಸುವುದು ಎಂಥ ಪಳಗಿದ ಕೈಗೂ ಸಾಧ್ಯವಿರಲಿಲ್ಲವೆಂದು ಮೇಷ್ಟ್ರು ಸಂಜೆ ಕಿರಿಯ ಉಪಾಧ್ಯಾಯಿನಿಯ ಮುಂದೆ ಸಂತೋಷದಿಂದಲೇ ಒಪ್ಪಿಕೊಂಡರು.

ಶಿಕ್ಷಣಕ್ಕೆ ಯಂತ್ರದ ನೆರವು ಈ ನಾಡಿಗೆ ಹೊಸತಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನ ಬಂದಿತ್ತು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮಗಳಿದ್ದುವು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿತು. ಅವುಗಳಿಂದ ಪ್ರಯೋಜನವಾಗಲಿಲ್ಲವೆಂದಲ್ಲ. ಆದರೆ ಅಲ್ಲಿ ಮಗು ನೋಡಬಹುದಾಗಿತ್ತು, ಕೇಳಬಹುದಾಗಿತ್ತು. ತೆರೆಯ ಮೇಲಿದ್ದುದನ್ನು ತನ್ನ ಕೈಯಿಂದ ಬದಲಿಸುವಂತಿರಲಿಲ್ಲ. ಬೆಳಕಿನ ಹಲಗೆಯ ವೈಶಿಷ್ಟ್ಯವಿರುವುದು ಮಗುವಿನ ಕೈಗೆ ಸಿಗುವುದರಲ್ಲಿ. ಅದರ ಮೇಲೆ ಚಿತ್ರ ಓಡಿಸಿ ಮಕ್ಕಳನ್ನು ಸುಮ್ಮನೆ ಕೂರಿಸಿದರೆ ಅದು ದೊಡ್ಡದೊಂದು ಟೆಲಿವಿಷನ್ ಪೆಟ್ಟಿಗೆಯಷ್ಟೇ. ಲಂಡನ್ನಿನ ಪ್ರೌಢಶಾಲೆಗಳಿಗೆ ಸರ್ಕಾರದ ಹಣದಿಂದ ಇಂಥ ಹಲಗೆಗಳನ್ನು ವ್ಯಾಪಕವಾಗಿ ಕೊಟ್ಟ ಮೇಲೆ, ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಬೇರೆ ಬಗೆಯಲ್ಲಿ ಹೇಳಿತು: ಹಲಗೆ ಬಂದ ಮಾತ್ರಕ್ಕೆ ಮೊದಲ ವರ್ಷದಲ್ಲಿ ಮಕ್ಕಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ದಾಸೋಹದ ಪರಂಪರೆಯಲ್ಲಿ ಬೆಳೆದವರಿಗೆ ಇದು ತಿಳಿಯದ ವಿಷಯವಲ್ಲ. ದಾಸೋಹವೆಂದರೆ ಪಾತ್ರೆಯನ್ನು ಕೊಡಿಸಿ ಕೈತೊಳೆದುಕೊಳ್ಳುವುದಲ್ಲ. ದಿನದಿನವೂ ಒಲೆ ಉರಿಯಬೇಕು, ಬಡಿಸುವವರು ಇರಬೇಕು, ಉಣ್ಣುವವರು ಎಲೆಯ ಮುಂದೆ ಕೂರಬೇಕು. ಹಳೆಯ ಶಾಸನಗಳನ್ನು ನೋಡಿದರೆ, ಗುಡಿಗೆ ದೀಪದ ಕಂಬ ಕೊಟ್ಟವರಂತೆಯೇ ನಂದಾದೀಪದ ಎಣ್ಣೆಗೆಂದು ಭೂಮಿಯನ್ನೂ ಗಾಣದ ಆದಾಯವನ್ನೂ ದತ್ತಿ ಬಿಟ್ಟವರೂ ಕಾಣಸಿಗುತ್ತಾರೆ. ಕಂಬ ಕೊಟ್ಟವನಿಗಿಂತ ಎಣ್ಣೆ ಕೊಟ್ಟವನು ದೂರದೃಷ್ಟಿಯುಳ್ಳವನು. ಬೆಳಕಿನ ಹಲಗೆಗೂ ಎಣ್ಣೆ ಬೇಕು. ಅದರ ಪ್ರೊಜೆಕ್ಟರಿನ ದೀಪಕ್ಕೆ ಕೆಲವು ಸಾವಿರ ಗಂಟೆಗಳ ಆಯುಷ್ಯ. ಬರಬರುತ್ತ ಅದು ಮಂಕಾಗುತ್ತದೆ, ಆಮೇಲೆ ಆರುತ್ತದೆ. ಹೊಸ ದೀಪಕ್ಕೆ ಹಣ ಒದಗದೆ ಶಾಶ್ವತವಾಗಿ ಬಟ್ಟೆ ಹೊದ್ದ ಹಲಗೆಗಳು ಎಷ್ಟೋ ಶಾಲೆಗಳಲ್ಲಿವೆ. ಈಚಿನ ವರ್ಷಗಳಲ್ಲಿ ಪ್ರೊಜೆಕ್ಟರ್ ಬೇಡದ, ಟೆಲಿವಿಷನ್ನಿನಂಥ ದೊಡ್ಡ ಫಲಕಗಳು ಬಂದಿವೆ. ದೀಪದ ಚಿಂತೆ ಅವುಗಳಿಗೆ ಇಲ್ಲ. ಆದರೆ ಉಪಾಧ್ಯಾಯರು ಕಲಿಯಬೇಕಾದ ವೇಳೆ ಎಂಬ ಎಣ್ಣೆ ಅವುಗಳಿಗೂ ಬೇಕೇಬೇಕು.

ಮೇಷ್ಟ್ರು 2016ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳು ಶಾಲು, ಬೆಳ್ಳಿಯ ತಟ್ಟೆ, ಸನ್ಮಾನಪತ್ರಗಳ ಏರ್ಪಾಡು ಮಾಡಿಕೊಂಡು ಬಂದರು. ಶಾಲೊಂದು ಸಾಕು, ಉಳಿದ ಹಣ ದೀಪಕ್ಕಿರಲಿ ಎಂದರು ಅವರು. ಏನು ದೀಪವೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆ ಕೊಠಡಿಗೆ ಕರೆದೊಯ್ದು ಮಂಕಾಗಿದ್ದ ಹಲಗೆಯನ್ನು ತೋರಿಸಿದರು. ಹೀಗೆ ಆರಂಭವಾದ ‘ದೀಪದ ನಿಧಿ’ಗೆ ಪ್ರತಿವರ್ಷವೂ ಒಂದಿಷ್ಟು ಸೇರುತ್ತ ಬಂದಿತು. ಇನ್ನೊಂದು ಬೇಡಿಕೆಯನ್ನು ಆಡಳಿತ ವರ್ಗದ ಮುಂದಿಟ್ಟರು: ಹೊಸದಾಗಿ ಬರುವ ಉಪಾಧ್ಯಾಯರಿಗೆ ಮೊದಲ ತಿಂಗಳು ವಾರಕ್ಕೆ ಎರಡು ಅವಧಿ ಪಾಠ ಬಿಡಿಸಿ, ಖಾಲಿ ಕೊಠಡಿಯಲ್ಲಿ ಹಲಗೆಯ ಮುಂದೆ ಒಂಟಿಯಾಗಿ ಬಿಡಬೇಕು, ನಗುವವರು ಯಾರೂ ಅಲ್ಲಿರಬಾರದು. ಅದೂ ನಡೆದು ಬಂದಿತು.

ಜವಾನ ಆಯುಧಪೂಜೆಯನ್ನು ಬಿಟ್ಟಿಲ್ಲ. ವಿಭೂತಿಯನ್ನು ಈಗ ಚೌಕಟ್ಟಿನ ಹೊರ ಅಂಚಿಗೆ ಹಚ್ಚುತ್ತಾನೆ. ಪ್ರೊಜೆಕ್ಟರ್ ತಾನೇ ತೋರಿಸುವ ದೀಪದ ಗಂಟೆಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ಆ ಪುಸ್ತಕದ ಮೇಲೆ ಅವನು ಬರೆದುಕೊಂಡಿರುವ ಹೆಸರು ‘ದೀಪದ ಕಡತ’. ಕರಿಹಲಗೆ ಪಕ್ಕದ ಗೋಡೆಯಲ್ಲಿದೆ, ಸೀಮೆಸುಣ್ಣವೂ ಇದೆ.